ಎಂಟನೇ ಬೋರ್ಡಿನ ಬೆನ್ನು

ಗದಗ-ಬೆಟಗೇರಿಯಲ್ಲಿ ಬೋರ್ಡು ಓದಿ ಗಾಡಿ ನಿಲ್ಲಿಸುವವಳು ಬಹುಶಃ ನಾನೊಬ್ಬಳೇ. ಉಳಿದವರು ಮೊದಲೇ ನಿಂತ ಗಾಡಿಗಳ ಸಾಲು ನೋಡಿ, ಅದರ ಮಗ್ಗುಲಿಗೆ ತಮ್ಮದನ್ನೂ ತುರುಕಿ ಹೋಗುತ್ತಾರೆ. ಬೋರ್ಡಿನ ಮೇಲೆ ಏನಿದೆ ಎಂದು ಕೇಳಿದರೆ ಯಾವ ಬೋರ್ಡು ಎನ್ನುತ್ತಾರೆ. ನನಗೆ ಹಾಗೆ ಇರಲು ಬರುವುದಿಲ್ಲ. ಆ ಬೋರ್ಡುಗಳನ್ನು ಬರೆದವರು ನಮ್ಮ ಅಬ್ಬಾ, ನನ್ನ ತಂದೆ.

ಲಾಡಸಾಬ ಪೇಂಟರ್ ಎಂದರೆ ಒಂದು ಕಾಲಕ್ಕೆ ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಗೊತ್ತಿದ್ದ ಹೆಸರು. ಅಡರಕಟ್ಟಿಯ ರೈತರ ಮಗ. ಲಕ್ಷ್ಮೇಶ್ವರದಲ್ಲಿ ಉಸ್ತಾದರ ಬ್ರಷ್ ತೊಳೆಯುತ್ತ ಅಕ್ಷರ ಕಲಿತು, ನಲವತ್ತು ವರ್ಷ ಅಂಗಡಿಗಳ ಬಾಗಿಲ ಮೇಲೆ ಹೆಸರು ಬರೆದರು. ಶಿರಹಟ್ಟಿಯಲ್ಲಿ ಒಂದು ಹಿಟ್ಟಿನ ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಅಬ್ಬಾ ಬರೆದ ಅದರ ಹೆಸರು ಮಾತ್ರ ಇವತ್ತಿಗೂ ಹಾಗೇ ಇದೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಆಮೇಲೆ ನಮ್ಮೂರ ಪೇಟೆಯ ಓಣಿಗಳಲ್ಲಿ ಸಮ-ಬೆಸ ಪಾರ್ಕಿಂಗ್ ಶುರುವಾಯಿತು. ಸಮ ತಾರೀಖಿನ ದಿನ ಓಣಿಯ ಒಂದು ಬದಿಯಲ್ಲಿ ಗಾಡಿ ನಿಲ್ಲಿಸಬೇಕು, ಬೆಸ ತಾರೀಖಿನ ದಿನ ಎದುರು ಬದಿಯಲ್ಲಿ. ಅದಕ್ಕೆ ಹದಿನೆಂಟು ತಗಡಿನ ಬೋರ್ಡು ಬೇಕಾದವು, ಬರೆಯುವ ಕೆಲಸ ಅಬ್ಬಾನ ಕೈಗೆ ಬಂತು. ಅದೇ ಅವರ ಕೊನೆಯ ದೊಡ್ಡ ಕೆಲಸ. ಮುಗಿಸಿದ ಎರಡು ತಿಂಗಳಿಗೆ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಯಿತು.

ಹದಿನೆಂಟನ್ನೂ ನಮ್ಮ ಮನೆಯ ಅಂಗಳದಲ್ಲೇ ಬರೆದರು. ಮುಂಬದಿಯ ಅಕ್ಷರ ಒಣಗಿದ ಮೇಲೆ ಬೋರ್ಡನ್ನು ಮಗುಚಿ ಹಾಕಿ, ಬೆನ್ನಿಗೂ ಎರಡು ಸಲ ಬಣ್ಣ ಬಳಿದು, ಸಣ್ಣ ಬ್ರಷ್ ಹಿಡಿದು ಅಲ್ಲೂ ಏನೋ ಬರೆಯುತ್ತ ಕೂರುತ್ತಿದ್ದರು. ಗೋಡೆಯ ಕಡೆ ತಿರುಗಿ ನಿಲ್ಲುವ ಬೆನ್ನನ್ನು ಯಾರು ನೋಡುತ್ತಾರೆ, ಇರುವ ಕಣ್ಣನ್ನೂ ಯಾಕೆ ಹಾಳು ಮಾಡಿಕೊಳ್ಳುತ್ತೀರಿ ಎಂದು ನಾನು ಗದರಿದ್ದೆ. ನೆಡುವವರಿಗೆ ಬೇಕಾಗುತ್ತದೆ, ಉಸ್ತಾದರು ಹೀಗೇ ಕಲಿಸಿದ್ದು ಎಂದಿದ್ದರು. ನಾನು ಬಗ್ಗಿ ನೋಡಲೂ ಇಲ್ಲ.

ನನ್ನ ಹೆಸರು ನಿಶಾತ. ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ. ಮನೆ ಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುತ್ತೇನೆ. ದಿನಕ್ಕೆ ಹದಿನೈದು ಮನೆ ಎಂದರೆ ಹದಿನೈದು ಸಲ ಸ್ಕೂಟಿ ನಿಲ್ಲಿಸಬೇಕು. ಸ್ಕೂಟಿ ಅಬ್ಬಾನ ಹೆಸರಿನಲ್ಲಿದೆ, ಓಡಿಸುವವಳು ನಾನು. ನನ್ನ ಬಾಯಿ ಜೋರು ಎಂದು ಓಣಿಯವರೆಲ್ಲ ಹೇಳುತ್ತಾರೆ. ಜೋರು ಇರದಿದ್ದರೆ ಬೆಳಗಾಗೆದ್ದು ಸೂಜಿ ಹಿಡಿದು ಹದಿನೈದು ಮನೆಯವರನ್ನು ಸಂಭಾಳಿಸುವುದು ಹೇಗೆ, ಅವರಿಗೇನು ಗೊತ್ತು?

ಶುಕ್ರವಾರ ಮಾತ್ರ ಅಬ್ಬಾ ನನ್ನ ಹಿಂದೆ ಕೂರುತ್ತಾರೆ, ನಮಾಜಿಗೆ ಬಿಟ್ಟು ಬರುತ್ತೇನೆ. ದಾರಿಯಲ್ಲಿ ತಮ್ಮ ಬೋರ್ಡು ಬಂದಾಗಲೆಲ್ಲ ನನ್ನ ಹೆಗಲನ್ನು ಎರಡು ಬೆರಳಿನಿಂದ ತಟ್ಟುತ್ತಾರೆ. ನಿಧಾನ ಮಾಡು ಎಂದು ಅರ್ಥ. ನಾನು ನಿಧಾನ ಮಾಡುತ್ತೇನೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅಬ್ಬಾ ತಮ್ಮ ಅಕ್ಷರವನ್ನು ಕಣ್ತುಂಬ ನೋಡುತ್ತಾರೆ. ಮಸೀದಿ ಮುಟ್ಟುವಷ್ಟರಲ್ಲಿ ಆರು ಬೋರ್ಡು, ಆರು ಸಲ ಹಾರ್ನ್.

ಮೊದಲ ದಂಡ ಬಿದ್ದದ್ದು ಬೆಟಗೇರಿಯ ಒಂದು ಓಣಿಯಲ್ಲಿ. ಅದರ ಒಂದು ಬದಿಗೆ ಬಳೆ ಅಂಗಡಿ, ಎದುರು ಬದಿಗೆ ಪಾತ್ರೆ ಅಂಗಡಿ. ಪಾತ್ರೆ ಅಂಗಡಿಯ ಮಾಳಿಗೆಯ ಮನೆಗೆ ನಾನು ಹೋಗುತ್ತಿದ್ದುದು ಅದೇ ಮೊದಲು. ಅಂದು ತಾರೀಖು ಹದಿಮೂರು. ಬಳೆ ಅಂಗಡಿಯ ಬದಿಗೆ ಅಬ್ಬಾನ ಬೋರ್ಡು ಕಂಡಿತು. ‘ಬೆಸ ದಿನಾಂಕದಂದು ಈ ಬದಿಯಲ್ಲಿ ವಾಹನ ನಿಲ್ಲಿಸಿರಿ’ ಎಂದು ನೀಲಿ ಅಕ್ಷರ. ಹದಿಮೂರು ಬೆಸ. ಬೋರ್ಡಿನ ಬುಡದಲ್ಲೇ ಗಾಡಿ ನಿಲ್ಲಿಸಿ ಮೇಲೆ ಹೋದೆ.

ಇಳಿದು ಬರುವಷ್ಟರಲ್ಲಿ ಗಾಡಿಯ ಮುಂದೆ ಟ್ರಾಫಿಕ್ ಪೊಲೀಸ್. ಎದೆಯ ಮೇಲೆ ನಂದೀಶ ಎಂಬ ಹೆಸರು, ಇನ್ನೂ ಹೊಸ ಹುಡುಗ. ಈ ಬದಿ ಸಮ ದಿನಕ್ಕೆ, ಇವತ್ತು ಎಲ್ಲರ ಗಾಡಿಯೂ ಎದುರು ಬದಿಯಲ್ಲಿದೆ, ನಿಮ್ಮದೊಂದೇ ಇಲ್ಲಿ ಯಾಕೆ ಎಂದ. ನಾನು ಬಿಡುತ್ತೇನೆಯೇ? ಬೋರ್ಡಿನ ಕಡೆ ಕೈ ಮಾಡಿ, ಓದಲು ಬರುತ್ತದೋ ಇಲ್ಲವೋ ಎಂದು ಶುರು ಹಚ್ಚಿಕೊಂಡೆ. ಅವನು ಕತ್ತೆತ್ತಿ ಬೋರ್ಡು ಓದಿದ, ಓದಿ ನಕ್ಕ.

“ಈ ಬೋರ್ಡ್ ತಪ್ಪೈತ್ರಿ ಅಕ್ಕಾರ. ಯಾವನೋ ಕಣ್ಣ ಕಾಣದ ಪೇಂಟರ್ ಅದಲಬದಲ ಬರದಾನ.”

ನನ್ನ ಬಾಯಿಗೆ ಬೀಗ ಬಿತ್ತು.

ಅವನಿಗೆ ಅಬ್ಬಾ ಯಾರೆಂದು ಗೊತ್ತಿರಲಿಲ್ಲ, ಮಾತಿಗೆ ಹೇಳಿದ. ಆದರೆ ನನಗೆ ಗೊತ್ತಿತ್ತಲ್ಲ. ಆ ಬೋರ್ಡುಗಳನ್ನು ಬರೆಯುವ ದಿನಗಳಲ್ಲಿ ಅಬ್ಬಾ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಇಡಲು ಹೋಗಿ ಗಾಳಿಯಲ್ಲಿ ಬಿಟ್ಟಿದ್ದರು. ನೀಲಿ ಡಬ್ಬ ಯಾವುದು, ಕಪ್ಪು ಡಬ್ಬ ಯಾವುದು ಎಂದು ನನ್ನನ್ನು ಕರೆದು ಕೇಳಿದ್ದರು. ಸಮ ಬರೆಯುವಲ್ಲಿ ಬೆಸ ಬರೆದಿದ್ದರೆ? ಆ ಪೇಂಟರ್ ನಮ್ಮ ಅಬ್ಬಾ ಎಂದು ಹೇಳಲು ನಾಲಿಗೆ ಏಳಲಿಲ್ಲ. ಐನೂರು ರೂಪಾಯಿ ತುಂಬಿ, ರಸೀದಿಯನ್ನು ಪರ್ಸಿನ ತಳಕ್ಕೆ ಹಾಕಿ, ಮುಖ ಮುಚ್ಚಿಕೊಂಡು ಬಂದೆ. ಮನೆಯಲ್ಲಿ ಹೇಳಲಿಲ್ಲ. ಅಂದು ಊಟಕ್ಕೆ ಕುಳಿತಾಗ ಅಬ್ಬಾನ ಮುಖ ನೋಡಲು ನಾಚಿಕೆಯಾಯಿತು.

ಎರಡನೆಯ ಸಲ ಹೋದದ್ದು ಇಪ್ಪತ್ತೇಳಕ್ಕೆ. ಅದೂ ಬೆಸ. ಈಗ ನನಗೆ ಎಲ್ಲ ಗೊತ್ತಿತ್ತು. ಎದುರು ಬದಿಯ ಸಾಲಿನಲ್ಲಿ ಒಂದು ಸ್ಕೂಟಿಗೆ ಬೇಕಾದಷ್ಟು ಜಾಗವೂ ಇತ್ತು. ಆ ಸಾಲಿಗೆ ಹೋಗಿ ನಿಂತರೆ ಅಬ್ಬಾ ತಪ್ಪು ಬರೆದಿದ್ದಾರೆ ಎಂದು ನಾನೂ ಒಪ್ಪಿದ ಹಾಗೆ. ಓಣಿಯ ನಡುವೆ ಗಾಡಿ ನಿಲ್ಲಿಸಿಕೊಂಡು ಬೋರ್ಡು ನೋಡಿದೆ. ‘ನಿಲ್ಲಿಸಿರಿ’ಯ ಕೊನೆಯಲ್ಲಿ ಅಬ್ಬಾ ಬ್ರಷ್ ಎತ್ತುವಾಗ ಹಾಕುವ ಸಣ್ಣ ಬಾಲ ಹಾಗೇ ಇತ್ತು. ಊರಲ್ಲಿ ಒಬ್ಬರಾದರೂ ಆ ಬೋರ್ಡಿನ ಮಾತು ಕೇಳಬೇಕೋ ಬೇಡವೋ? ದಂಡ ಹಾಕುವುದಾದರೆ ಹಾಕಲಿ ಎಂದು ಗಾಡಿಯನ್ನು ಬೋರ್ಡಿನ ಬುಡಕ್ಕೇ ತಿರುಗಿಸಿದೆ.

ಹಾಕಿಯೇ ಹಾಕಿದರು. ಈ ಸಲ ನಾನು ಇಳಿದು ಬರುವಷ್ಟರಲ್ಲಿ ಯಾರೂ ಇರಲಿಲ್ಲ, ಫೋಟೋ ಹೊಡೆದುಕೊಂಡು ಹೋಗಿದ್ದರು. ಮರುದಿನ ಮೆಸೇಜು ಬಂತು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ.

ನಾನು ಕೆಲಸ ಮುಗಿಸಿ ಬಂದಾಗ ಅಬ್ಬಾ ಅಂಗಳದಲ್ಲಿ ಕುಳಿತು ಆ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದರು. ಅಮ್ಮಿ, ಅಂದರೆ ನಮ್ಮ ತಾಯಿ ಮಾಸುಮಬಿ, ಐನೂರು ತುಂಬಿ ಕೈ ತೊಳೆದುಕೊಳ್ಳಿ ಎನ್ನುತ್ತಿದ್ದರು. ಅಬ್ಬಾ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಗಾಡಿಯನ್ನೂ ನೋಡುತ್ತಿರಲಿಲ್ಲ. ಬೋರ್ಡು ನೋಡುತ್ತಿದ್ದರು.

ಬೋರ್ಡಿನ ಕೆಳಗೆ ನಿಲ್ಲಿಸಿದರೂ ದಂಡ ಯಾಕೆ ಬಿತ್ತು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಹದಿಮೂರರಿಂದ ಹಿಡಿದು ಎಲ್ಲ ಹೇಳಿದೆ. ನಂದೀಶನ ಮಾತನ್ನೂ ಹೇಳಿದೆ. ನಾನು ಬಾಯಿ ಮುಚ್ಚಿಕೊಂಡು ದುಡ್ಡು ತುಂಬಿದ್ದನ್ನು ಹೇಳುವಾಗ ನನಗೇ ಅಸಹ್ಯವೆನಿಸಿತು. ಅಬ್ಬಾ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡು ಫೋಟೋ ನೋಡಿದರು.

“ಆಗ ಕಣ್ಣ ಬರೋಬ್ಬರಿ ಇರಲಿಲ್ಲ, ಖರೆ,” ಎಂದರು. “ನಾ ತಪ್ಪ ಬರದಿದ್ರ, ನಾನ ಹೋಗಿ ಒಪ್ಕೊಂತೀನಿ. ಆದ್ರ ಮೊದಲ ನೋಡಬೇಕು.”

ಮರುದಿನ ಬೆಳಿಗ್ಗೆ ಅಬ್ಬಾ ಈದಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡರು. ಕೈಚೀಲದಲ್ಲಿ ಒಂದು ಹಳೆ ಬಟ್ಟೆ, ಸಣ್ಣ ಬಾಟಲಿಯಲ್ಲಿ ಸೀಮೆಎಣ್ಣೆ. ನಾನು ಲ್ಯಾಬಿಗೆ ಫೋನ್ ಮಾಡಿ ಎರಡು ತಾಸು ತಡವಾಗುತ್ತದೆ ಎಂದೆ. ಠಾಣೆಯ ದಾರಿಯಲ್ಲಿ ಅವರ ನಾಲ್ಕು ಬೋರ್ಡು ಬಂದವು. ನಾಲ್ಕರಲ್ಲಿ ಒಂದಕ್ಕೂ ಹೆಗಲು ತಟ್ಟಲಿಲ್ಲ.

ಠಾಣೆಯಲ್ಲಿ ಎ.ಎಸ್.ಐ. ಕಳಕಪ್ಪ ಎನ್ನುವವರಿದ್ದರು, ನಿವೃತ್ತಿ ಹತ್ತಿರ ಬಂದ ವಯಸ್ಸು, ಸಮಾಧಾನದ ಮನುಷ್ಯ. ಅವರ ಪಕ್ಕದಲ್ಲಿ ನಂದೀಶ ನಿಂತಿದ್ದ. ಫೋಟೋ ನೋಡಿ, ನಂದೀಶನ ಮಾತು ಕೇಳಿ, ಕಳಕಪ್ಪ ಒಂದು ಬಿಳಿ ಹಾಳೆ ನಮ್ಮ ಕಡೆ ಸರಿಸಿದರು. ಬೋರ್ಡು ಬರೆದವನ ತಪ್ಪಿನಿಂದ ಹೀಗಾಯಿತು ಎಂದು ಎರಡು ಸಾಲು ಬರೆದುಕೊಡಿ, ಈ ದಂಡ ತೆಗೆಸುತ್ತೇನೆ, ನೀವು ಮನೆಗೆ ಹೋಗಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಎರಡು ಸಾಲು ಬರೆದರೆ ಐನೂರು ಉಳಿಯುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಬ್ಬಾ ಹಾಳೆಯನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿ ಕೈಚೀಲದ ಹಿಡಿ ತಿರುವುತ್ತ ಕುಳಿತರು.

ನಂದೀಶ ನಮಗೆ ಸಹಾಯ ಮಾಡಲೆಂದೇ ಬಾಯಿ ಹಾಕಿದ. ಆ ಪೇಂಟರ್ ಯಾರೋ ಮುದುಕ, ಈಗ ಇದ್ದಾನೋ ಇಲ್ಲವೋ, ಅವನ ಮೇಲೆ ಬರೆದರೆ ಯಾರಿಗೂ ತೊಂದರೆಯಿಲ್ಲ ಎಂದ.

ಅಬ್ಬಾ ತಲೆ ಎತ್ತಲಿಲ್ಲ. ಬೋರ್ಡು ತಪ್ಪೋ ಸರಿಯೋ ಆ ಹೊತ್ತಿಗೆ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಕಾಯುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಎದ್ದು ನಿಂತೆ.

“ಆ ಪೇಂಟರ್ ಇಲ್ಲೇ ಕುಂತಾರ. ಲಾಡಸಾಬ ಪೇಂಟರ್, ನಮ್ಮ ಅಬ್ಬಾ. ತಪ್ಪಿದ್ರೂ ಇವ್ರ ಬರದದ್ದು, ಬರೋಬ್ಬರಿ ಇದ್ರೂ ಇವ್ರ ಬರದದ್ದು. ಹಾಳಿ ಆಮ್ಯಾಲ ಬರೀತೀವಿ, ಮೊದಲ ಬೋರ್ಡ್ ನೋಡಾಕ ಬರ್ರಿ.”

ದನಿ ಸ್ವಲ್ಪ ಹೆಚ್ಚೇ ಆಯಿತು, ಹೊರಗೆ ನಿಂತವರು ಇಣುಕಿದರು. ನಂದೀಶನ ಮುಖ ಸಣ್ಣಗಾಯಿತು. ಕಳಕಪ್ಪ ಅಬ್ಬಾನನ್ನೇ ನೋಡಿದರು, ಎದ್ದು ಟೋಪಿ ಹಾಕಿಕೊಂಡರು.

ಓಣಿಯಲ್ಲಿ ಬೋರ್ಡು ಎರಡು ಕಬ್ಬಿಣದ ಪೈಪುಗಳ ಮೇಲೆ ಆಳೆತ್ತರಕ್ಕಿಂತ ಮೇಲೆ ಇತ್ತು. ಅದರ ಬೆನ್ನು ಬಳೆ ಅಂಗಡಿಯ ಗೋಡೆಯ ಕಡೆ. ಅದು ಅಮೃತವ್ವನ ಅಂಗಡಿ, ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಬಳೆ ತೊಡಿಸುವ ಮುದುಕಿ. ಪಾತ್ರೆ ಅಂಗಡಿಯಿಂದ ಏಣಿ ತರಿಸಿದೆವು. ನಾನು ಹತ್ತುತ್ತೇನೆ ಎಂದೆ. ಅಬ್ಬಾ ಏಣಿಯ ಮೇಲೆ ಕೈ ಇಟ್ಟು, ತಾವೇ ಹತ್ತಬೇಕು ಎಂದರು. ಆಗಲೇ ನಮಗೆಲ್ಲ ಬಿಡಿಸಿ ಹೇಳಿದ್ದು. ಪ್ರತಿ ಬೋರ್ಡಿನ ಬೆನ್ನಿಗೆ ಅದರ ನಂಬರು, ಅದು ಯಾವ ಓಣಿಯಲ್ಲಿ ಯಾರ ಅಂಗಡಿಯ ಬದಿಗೆ ನಿಲ್ಲಬೇಕು ಎಂದು ಬರೆದಿದ್ದಾರೆ. ನಗರಸಭೆಯವರು ಕೊಟ್ಟ ಪಟ್ಟಿಯನ್ನು ಅಮ್ಮಿಯಿಂದ ಗಟ್ಟಿಯಾಗಿ ಓದಿಸಿಕೊಂಡು ಬರೆದದ್ದು. ಈ ಬೆನ್ನಿನ ಮೇಲೆ ಬಳೆ ಅಂಗಡಿಯ ಬದಿ ಎಂದಿದ್ದರೆ ಮುಂದೆ ಬೆಸ ಎಂದು ಬರೆದದ್ದು ಅವರ ತಪ್ಪು. ಪಾತ್ರೆ ಅಂಗಡಿಯ ಬದಿ ಎಂದಿದ್ದರೆ ಅಕ್ಷರ ಸರಿ, ಬೋರ್ಡು ನೆಟ್ಟ ಜಾಗ ತಪ್ಪು.

ಬೆನ್ನಿನ ಮೇಲೆ ಧೂಳು, ಅದರ ಮೇಲೆ ಯಾವುದೋ ಕೋಚಿಂಗ್ ಕ್ಲಾಸಿನ ಜಾಹೀರಾತು ಅಂಟಿಸಿದ್ದರು. ಅಬ್ಬಾ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ, ಕಾಗದ ನೆನೆಸಿ, ಉಗುರಿನಿಂದ ಕೆರೆದು ಕೆರೆದು ತೆಗೆದರು. ನಾನು ಏಣಿ ಹಿಡಿದಿದ್ದೆ. ಅಬ್ಬಾ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕಳಕಪ್ಪನವರಿಗೆ ಏಣಿ ಬಿಟ್ಟುಕೊಟ್ಟರು.

ಕಳಕಪ್ಪ ಎರಡು ಮೆಟ್ಟಿಲು ಹತ್ತಿ, ಶಾಲೆಯ ಹುಡುಗರ ಹಾಗೆ ಗಟ್ಟಿಯಾಗಿ ಓದಿದರು. “ಎಂಟು. ಬೆಸ. ಪಾತ್ರೆ ಅಂಗಡಿ ಬದಿ. ಎದುರಿಗೆ ಅಮೃತವ್ವನ ಬಳೆ ಅಂಗಡಿ. ಬರೆದವರು ಲಾಡಸಾಬ.”

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ನಂದೀಶ ತಾನೇ ಏಣಿ ಹೊತ್ತು ಎದುರು ಬದಿಗೆ ಓಡಿದ. ಅಲ್ಲಿಯ ಬೋರ್ಡಿನ ಬೆನ್ನು ಒರೆಸಿ ಓದಿದ. ಏಳು, ಸಮ, ಅಮೃತವ್ವನ ಬಳೆ ಅಂಗಡಿ ಬದಿ. ತನ್ನ ಹೆಸರು ಎರಡು ಸಲ ಕೇಳಿ ಅಮೃತವ್ವ ಹೊರಗೆ ಬಂದಳು. ನಡೆದದ್ದನ್ನು ಹೇಳಿದಾಗ, ಇದೇನು ದೊಡ್ಡ ಮಾತು ಎನ್ನುವ ಹಾಗೆ ಕೈಯಾಡಿಸಿದಳು. ನಾಲ್ಕು ತಿಂಗಳ ಹಿಂದೆ ನೀರಿನ ಪೈಪಿಗೆ ಓಣಿ ಅಗೆದಾಗ ಎರಡೂ ಬೋರ್ಡು ಕಿತ್ತು ಅವಳ ಅಂಗಡಿಯಲ್ಲೇ ಇಟ್ಟಿದ್ದರಂತೆ. ಹೋಗುವಾಗ ಆಳುಗಳು ಕೈಗೆ ಬಂದದ್ದನ್ನು ಸಿಕ್ಕಲ್ಲಿ ನೆಟ್ಟರಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. ಯಾರೂ ಕೇಳಲಿಲ್ಲ ಎಂದಳು. ಓಣಿಯವರಿಗೆ ಯಾವ ದಿನ ಯಾವ ಬದಿ ಎಂದು ರೂಢಿಯಾಗಿತ್ತು, ಬೋರ್ಡು ಓದುವ ಗೋಜಿಗೆ ಅವರು ಹೋಗಿರಲೇ ಇಲ್ಲ. ಓದಿ ಸಿಕ್ಕಿಬಿದ್ದವಳು ನಾನು. ಅಷ್ಟು ಹೇಳಿ ಅಮೃತವ್ವ, ತನ್ನ ಹೆಸರಿರುವ ಬದಿಯನ್ನು ರಸ್ತೆಗೆ ಕಾಣುವ ಹಾಗೆ ತಿರುಗಿಸಿ ನೆಡಲು ಬರುವುದಿಲ್ಲವೇ ಎಂದು ಕಳಕಪ್ಪನವರನ್ನು ಕೇಳಿದಳು.

ನಂದೀಶ ಅಬ್ಬಾನ ಮುಂದೆ ಬಂದು ನಿಂತ. ಕ್ಷಮಿಸಿ ಚಾಚಾ ಎಂದ, ಇನ್ನೇನು ಹೇಳುವುದೆಂದು ತಿಳಿಯದೆ, ಇವನ್ನು ನಿಜವಾಗಿ ಕಣ್ಣು ಕಾಣದಾಗಲೇ ಬರೆದಿರಾ ಎಂದು ಕೇಳಿದ. ಅಬ್ಬಾ ಹೌದೆಂದು ತಲೆಯಾಡಿಸಿದರು. ನಾನು ಕಟ್ಟೆಯಿಂದ ಎದ್ದೆ.

“ಕಣ್ಣ ಕಾಣದಾಗ ಬರದದ್ದ ಹಿಂಗೈತಿ. ಕಾಣೋವಾಗ ಹೆಂಗ ಬರೀತಿದ್ರು, ಶಿರಹಟ್ಟಿಗೆ ಹೋಗಿ ನೋಡಿ ಬಾ ತಮ್ಮಾ.”

ಎರಡನೆಯ ದಂಡವನ್ನು ಕಳಕಪ್ಪ ಅಲ್ಲೇ ಫೋನಿನಲ್ಲಿ ಮಾತಾಡಿ ರದ್ದು ಮಾಡಿಸಿದರು. ಮೊದಲನೆಯದಕ್ಕೆ ರಸೀದಿ ಹರಿದಾಗಿದೆ, ದುಡ್ಡು ಖಜಾನೆಗೆ ಹೋಗಿದೆ, ಅರ್ಜಿ ಕೊಟ್ಟು ಓಡಾಡಿದರೆ ಸಿಕ್ಕರೂ ಸಿಗಬಹುದು ಎಂದರು. ನಾನು ಓಡಾಡುವವಳೇ, ಬಿಡುವವಳಲ್ಲ. ಪರ್ಸಿನ ತಳದಿಂದ ರಸೀದಿ ಹುಡುಕಿ ತೆಗೆಯುತ್ತಿದ್ದೆ. ಅಬ್ಬಾ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮಡಚಿ ತಮ್ಮ ಬಿಳಿ ಅಂಗಿಯ ಜೇಬಿಗೆ ಇಟ್ಟರು.

“ಇದು ಬೋರ್ಡಿನ ದಂಡ ಅಲ್ಲ ಬೇಟಾ. ನೀ ಅವತ್ತ ಸುಮ್ಮನ ನಿಂತೆಲ್ಲ, ಅದಕ್ಕ ಬಿದ್ದದ್ದು. ಇವತ್ತ ಮಾತಾಡಿದಿ. ಆತು.”

ಯಾರ ಜೊತೆಗೂ ವಾದ ಮಾಡುವ ನಾನು ಆ ದಂಡದ ಬಗ್ಗೆ ಇವತ್ತಿನವರೆಗೂ ವಾದ ಮಾಡಿಲ್ಲ.

ಆಳುಗಳನ್ನು ಕರೆಸಿ ಎರಡೂ ಬೋರ್ಡು ಬದಲಿಸಿ ನೆಡುವಾಗ ಹನ್ನೊಂದಾಗಿತ್ತು. ನೆಡುವವರಿಗೆ ಅಬ್ಬಾ ನಿಂತು ಹೇಳುತ್ತಿದ್ದರು, ಎಡಕ್ಕೆ ಒಂದು ಬೆರಳು, ಮೇಲಕ್ಕೆ ಅರ್ಧ ಬೆರಳು. ಆಮೇಲೆ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಬರುವಾಗ ಸುಮ್ಮನೆ ದಾಟಿದ್ದ ನಾಲ್ಕು ಬೋರ್ಡುಗಳಲ್ಲಿ ಮೊದಲನೆಯದು ದೂರದಿಂದ ಕಂಡಿತು. ಹೆಗಲ ಮೇಲೆ ಎರಡು ಬೆರಳು ಬೀಳಲಿ ಎಂದು ಜೀವ ಕಾಯುತ್ತಿತ್ತು. ಬಿದ್ದವು.

ನಾನು ನಿಧಾನ ಮಾಡಲಿಲ್ಲ, ಬೋರ್ಡಿನ ಎದುರು ಗಾಡಿ ನಿಲ್ಲಿಸಿಯೇ ಬಿಟ್ಟು ಕಾಲು ಕೆಳಗೆ ಊರಿದೆ. ಹಿಂದಿನಿಂದ ಒಂದು ಟಂಟಂ ಆಟೋ ಹಾರ್ನ್ ಹೊಡೆಯಿತು. ತಿರುಗಿ ಡ್ರೈವರನಿಗೆ ಬೋರ್ಡು ತೋರಿಸಿದೆ.

“ಇದನ್ನ ಬರದವ್ರು ನಮ್ಮ ಅಬ್ಬಾ. ಓದಿ ಆಮ್ಯಾಲ ಹೋಗ್ರಿ.”